ದಾಖಲೆ ನಮ್ಮದು, ಬೀಗದ ಕೈ ಯಾರದು?

ನಮ್ಮ ಬಳಗದ ವಾಚನಾಲಯಕ್ಕೆ ಟಿವಿ ಕಾರ್ಯಕ್ರಮಗಳನ್ನು ದಾಖಲಿಸಿಟ್ಟುಕೊಳ್ಳುವ ಯಂತ್ರವೊಂದು ಬೇಕೆಂಬ ಮಾತು ಕಳೆದ ಮಳೆಗಾಲದಿಂದಲೂ ನಡೆದಿದೆ. ಜಡಿಮಳೆಯಲ್ಲಿ ಮರ ಬಿದ್ದು ಕರೆಂಟು ಹೋದರೆ ಪಾಠವೂ ಹೋಯಿತು, ಕೃಷಿ ಮಾಹಿತಿಯೂ ಹೋಯಿತು. ವಾಚನಾಲಯದ ಯುಪಿಎಸ್ ಬಲದಿಂದ ಅವನ್ನು ಹಿಡಿದಿಟ್ಟುಕೊಂಡರೆ ಮಕ್ಕಳು ಬಿಡುವಾದಾಗ ನೋಡಿಕೊಳ್ಳಬಹುದೆಂಬುದು ಸರಳವಾದ ಆಸೆ. ಯಂತ್ರ ನೋಡಿಬರಲು ನಾವು ಮೂವರು ಘಟ್ಟವಿಳಿದು ದಾವಣಗೆರೆಗೆ ಹೋದೆವು. ಅಂಗಡಿಯವರು ನಮ್ಮ ಮುಂದಿಟ್ಟ ಆಯ್ಕೆಗಳು ಎರಡು. ಒಂದು, ಟಿವಿಗೆ ಸಿಕ್ಕಿಸಿದರೆ ಸಾಕೆನ್ನುವ, ಒಳಗೇ ಹಾರ್ಡ್ ಡಿಸ್ಕ್ ಇರುವ ರೆಕಾರ್ಡರ್ ಪೆಟ್ಟಿಗೆ. ಇನ್ನೊಂದು, ಟಿವಿಗೇ ಜೋಡಿಸಿ ಟ್ಯೂನರ್ ಕಾರ್ಡ್ ಹಾಕಿದ ಗಣಕಯಂತ್ರ. ಪೇಟೆಯ ಭಾಷೆಯಲ್ಲಿ ಹೋಮ್ ಥಿಯೇಟರ್ ಕಂಪ್ಯೂಟರ್.

ಕಾಡು, ನದಿಗಳ ಬಗ್ಗೆ ಬರೆಯಬೇಕಾದ ಪುಟಗಳಲ್ಲಿ ಟಿವಿ ಪೆಟ್ಟಿಗೆಯ ಪುರಾಣವೇಕೆ ಎಂದು ಹಿರಿಯರು ಕೇಳಬಹುದು. ಕಾರಣವಿದೆ. ಕೊಳ್ಳುಬಾಕತನವು ನಮ್ಮ ಹಳ್ಳಿಗಳಿಗೆ ಬರುವುದು ಇಂಥ ಸಣ್ಣ ಪೆಟ್ಟಿಗೆಗಳ ರೂಪದಲ್ಲಿಯೇ. ಯಾವುದನ್ನು ಕೊಳ್ಳುತ್ತೇವೆ ಎಂಬುದರ ಜೊತೆಗೆ ಕೊಂಡದ್ದು ನಿಜವಾಗಿ ನಮ್ಮದಾಗುತ್ತದೆಯೇ, ಕೆಟ್ಟರೆ ದುರಸ್ತಿಯಾಗುತ್ತದೆಯೇ, ಕಸವಾದ ಮೇಲೆ ಎಲ್ಲಿ ಹೋಗಿ ಸೇರುತ್ತದೆ ಎಂಬ ಪ್ರಶ್ನೆಗಳೂ ಪರಿಸರದ ಪ್ರಶ್ನೆಗಳೇ.

ದಾವಣಗೆರೆಯಿಂದ ಹಿಂತಿರುಗುವಾಗ ಹರಿಹರದಲ್ಲಿ ನಮ್ಮ ಬಳಗದ ಹಳೆಯ ಗೆಳತಿ, ಪ್ರೌಢಶಾಲಾ ಶಿಕ್ಷಕಿಯೊಬ್ಬರ ಮನೆಗೆ ಹೋಗಿದ್ದೆವು. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ದೂರದರ್ಶನದ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗಾಗಿ ‘ಸಂವೇದ’ ಪಾಠಗಳು ಬಂದದ್ದು ಓದುಗರಿಗೆ ನೆನಪಿರಬೇಕು. ಅವರು ತಮ್ಮ ಮನೆಯ ರೆಕಾರ್ಡರ್ ಪೆಟ್ಟಿಗೆಯಲ್ಲಿ ಆ ಪಾಠಗಳನ್ನು ಶ್ರದ್ಧೆಯಿಂದ ದಾಖಲಿಸಿ, ಪಾಠ ತಪ್ಪಿಸಿಕೊಂಡ ಮಕ್ಕಳನ್ನು ಮನೆಗೇ ಕರೆದು ತೋರಿಸಿದ್ದರು. ಮುಂದಿನ ವರ್ಷ ಪೆಟ್ಟಿಗೆ ಕೆಟ್ಟಿತು. ಕಂಪನಿಯ ಹುಡುಗ ಬಂದು ಹೊಸದನ್ನು ಕೂರಿಸಿ ಹಳೆಯದನ್ನು ಕೊಂಡೊಯ್ದ. ಪಾಠಗಳೂ ಅದರೊಡನೆ ಹೋದವು. ಪೆನ್‌ಡ್ರೈವಿಗೆ ಹಾಕಿಕೊಡಪ್ಪಾ ಎಂದು ಕೇಳಿದರೆ, “ಅದು ಆಗಂಗಿಲ್ಲ ಮೇಡಂ, ಈ ಪೆಟ್ಟಿಗೇಲಿ ಹಿಡಿದಿದ್ದು ಇದರಲ್ಲೇ ನೋಡ್ಬೇಕು” ಎಂದನಂತೆ. ಅವರು ನಮಗೆ ಹೇಳಿದ್ದು ಇಷ್ಟೇ: “ಪೆಟ್ಟಿಗೆ ಅವ್ರದೇ ಇರ್ಲಿ ಬಿಡ್ರಿ, ಹಿಡಿದಿಟ್ಟಿದ್ದು ನಾನಲ್ವಾ?”

ಈ ಲೇಖನದ ವಾದವೆಲ್ಲವೂ ಆ ಒಂದು ಪ್ರಶ್ನೆಯಲ್ಲಿದೆ.

ತಾಂತ್ರಿಕವಾಗಿ ನಡೆಯುವುದು ಹೀಗೆ. ಬಾಡಿಗೆಯ ಸೇವೆಯ ಪೆಟ್ಟಿಗೆಯು ಕಾರ್ಯಕ್ರಮವನ್ನು ತನ್ನ ಹಾರ್ಡ್ ಡಿಸ್ಕಿಗೆ ಇಳಿಸುವಾಗ ಗೂಢಲಿಪಿಯಲ್ಲಿ ಬರೆಯುತ್ತದೆ. ಬಿಡಿಸುವ ಕೀಲಿ ಅದೇ ಪೆಟ್ಟಿಗೆಯ ಚಿಪ್ಪಿನಲ್ಲಿಯೋ ಅದರ ಕಾರ್ಡಿನಲ್ಲಿಯೋ ಇರುತ್ತದೆ. ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿದರೆ ಅರ್ಥವಿಲ್ಲದ ಅಂಕಿಗಳಷ್ಟೇ ಸಿಗುತ್ತವೆ. ಚಂದಾ ನಿಂತರೆ ಅನೇಕ ಪೆಟ್ಟಿಗೆಗಳು ಹಿಂದೆ ದಾಖಲಿಸಿದ್ದನ್ನೂ ತೋರಿಸುವುದಿಲ್ಲ. ಅಂದರೆ ನಾವು ಕೊಂಡದ್ದು ಕಪಾಟನ್ನಲ್ಲ, ಪರರ ಕಪಾಟಿನಲ್ಲಿ ಒಂದಿಷ್ಟು ಜಾಗವನ್ನು, ಅದೂ ಅವರ ಮರ್ಜಿ ಇರುವತನಕ.

ಕಾನೂನಾದರೂ ಏನು ಹೇಳುತ್ತದೆ? 1957ರ ಕೃತಿಸ್ವಾಮ್ಯ ಕಾಯ್ದೆಯ 39ನೆಯ ಪ್ರಕರಣದ ಪ್ರಕಾರ, ಪ್ರಸಾರವಾದದ್ದನ್ನು ಸ್ವಂತ ಖಾಸಗಿ ಬಳಕೆಗಾಗಿ ಅಥವಾ ಪ್ರಾಮಾಣಿಕ ಬೋಧನೆ, ಸಂಶೋಧನೆಗಳ ಉದ್ದೇಶಕ್ಕಾಗಿ ಮಾತ್ರ ದಾಖಲಿಸಿಕೊಂಡರೆ ಅದು ಪ್ರಸಾರಕರ ಹಕ್ಕಿನ ಉಲ್ಲಂಘನೆಯಾಗುವುದಿಲ್ಲ. ಪ್ರತಿ ಮಾಡಿ ಮಾರುವುದು ಬೇರೆ ಮಾತು, ಅದನ್ನು ನಾವು ಕೇಳುತ್ತಲೂ ಇಲ್ಲ. ಆದರೆ ಸಂಸತ್ತು ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಬಿಟ್ಟುಕೊಟ್ಟ ಅವಕಾಶವನ್ನು ಪೆಟ್ಟಿಗೆಯೊಂದು ಸದ್ದಿಲ್ಲದೆ ಮೊಟಕುಗೊಳಿಸುತ್ತಿದೆ ಎಂಬುದನ್ನು ಗಮನಿಸದಿರಲು ಸಾಧ್ಯವೇ?

ರೆಕಾರ್ಡರ್‌ಗಳು ಮೊದಲಿನಿಂದಲೂ ಹೀಗಿರಲಿಲ್ಲ. ಎಂಬತ್ತು, ತೊಂಬತ್ತರ ದಶಕದ ವಿಸಿಆರ್ ಕೂಡ ಒಂಟಿ ಪೆಟ್ಟಿಗೆಯೇ. ಆದರೆ ಅದು ಹಿಡಿದದ್ದನ್ನು ಕ್ಯಾಸೆಟ್ಟಿನಲ್ಲಿ ಕೈಗೆ ಕೊಡುತ್ತಿತ್ತು. ನಮ್ಮ ಮನೆಯ ಕ್ಯಾಸೆಟ್ಟು ನೆರೆಮನೆಯ ವಿಸಿಆರ್‌ನಲ್ಲಿ ಓಡುತ್ತಿತ್ತು. ಮಲೆನಾಡಿನ ತೇವಕ್ಕೆ ಬೂಷ್ಟು ಹಿಡಿಯುತ್ತಿತ್ತೆಂಬುದು ನಿಜವಾದರೂ ಅದಕ್ಕೆ ಬೀಗವಿರಲಿಲ್ಲ. ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ವಿಸಿಆರ್ ತಯಾರಿಕೆಯನ್ನು ನಿಲ್ಲಿಸುವುದರೊಡನೆ ಆ ಯುಗ ಮುಗಿಯಿತು. ಇತ್ತ ನಮ್ಮ ದೇಶದಲ್ಲಿ ಕೇಬಲ್ ಟಿವಿಯನ್ನು ಹಂತಹಂತವಾಗಿ ಡಿಜಿಟಲ್ ಗೂಢಲಿಪಿಗೆ ಬದಲಿಸುವ ಕೆಲಸ 2012ರಲ್ಲಿ ಮಹಾನಗರಗಳಿಂದ ಮೊದಲಾಯಿತು. ಹಳ್ಳಿಗಳನ್ನು ಒಳಗೊಂಡ ಕೊನೆಯ ಹಂತಕ್ಕೆ 2017ರ ಮಾರ್ಚ್ 31 ಅಂತಿಮ ಗಡುವಾಗಿತ್ತು. ಚಿತ್ರ ಸ್ವಚ್ಛವಾಯಿತು, ವಾಹಿನಿಗಳು ಹೆಚ್ಚಿದವು, ನಿಜ. ಮನೆಯವರ ಕೈಯಲ್ಲಿದ್ದ ಕ್ಯಾಸೆಟ್ಟಿಗೆ ಬದಲಾಗಿ ಏನು ಬಂತು ಎಂದು ಮಾತ್ರ ಯಾರೂ ಕೇಳಲಿಲ್ಲ.

ಹಾಗಾದರೆ ಗಣಕಯಂತ್ರವೇ ಪರಮಪಾವನವೇ? ಅಲ್ಲ. ಅದರ ದೋಷಗಳನ್ನೂ ಮುಚ್ಚಿಡದೆ ಹೇಳಬೇಕು.

ಮೊದಲನೆಯದು, ಬಾಡಿಗೆಯ ಕೇಬಲ್ ಮತ್ತು ಡಿಟಿಎಚ್ ವಾಹಿನಿಗಳ ಗೂಢಲಿಪಿಯನ್ನು ಟ್ಯೂನರ್ ಕಾರ್ಡೂ ಬಿಡಿಸಲಾರದು. ಆದರೆ 2004ರಲ್ಲಿ ಆರಂಭವಾದ, ಇಂದು ಡಿಡಿ ಫ್ರೀ ಡಿಶ್ ಎನ್ನಿಸಿಕೊಂಡಿರುವ ದೂರದರ್ಶನದ ಸೇವೆಗೆ ತಿಂಗಳ ಬಾಡಿಗೆಯಿಲ್ಲ. ನಮ್ಮ ಮಕ್ಕಳ ಪಾಠ, ರೈತರ ಕಾರ್ಯಕ್ರಮ, 2002ರಿಂದ ಬಂದ ‘ಥಟ್ ಅಂತ ಹೇಳಿ’ ಎಲ್ಲವೂ ಸಾರ್ವಜನಿಕ ವಾಹಿನಿಯವೇ. ವಾಚನಾಲಯಕ್ಕೆ ಬೇಕಾದದ್ದೂ ಅವೇ.

ಎರಡನೆಯದು, ವಿದ್ಯುತ್ತು. ಲೆಕ್ಕ ಹಾಕೋಣ. ಹಾರ್ಡ್ ಡಿಸ್ಕ್ ಇರುವ ಪೆಟ್ಟಿಗೆ 15 ವ್ಯಾಟ್ ಎಳೆಯುತ್ತದೆ, ಅದನ್ನು ಹಗಲಿರುಳೂ ಆರಿಸುವುದಿಲ್ಲ ಎಂದಿಟ್ಟುಕೊಂಡರೆ ವರ್ಷಕ್ಕೆ ಸುಮಾರು 131 ಯೂನಿಟ್. ಹಳೆಯ ಗಣಕಯಂತ್ರ 60 ವ್ಯಾಟ್ ಎಳೆದರೂ ದಿನಕ್ಕೆ ನಾಲ್ಕು ಗಂಟೆಯಷ್ಟೇ ಓಡಿಸಿದರೆ ಸುಮಾರು 88 ಯೂನಿಟ್. ಅದನ್ನೇ ಹಗಲಿರುಳು ಓಡಿಸಿದಿರೋ, 525 ಯೂನಿಟ್! ಆದ್ದರಿಂದ ಗಣಕಯಂತ್ರ ಇಟ್ಟುಕೊಳ್ಳುವವರು ಆರಿಸುವ ಶಿಸ್ತನ್ನೂ ಇಟ್ಟುಕೊಳ್ಳಬೇಕು. ನಿಗದಿತ ಸಮಯಕ್ಕೆ ತಾನೇ ಎದ್ದು, ಕೆಲಸ ಮುಗಿಸಿ ಮಲಗುವಂತೆ ಅದನ್ನು ಹೊಂದಿಸಲು ಬರುತ್ತದೆ. ಮನೆಗೊಂದು ಬೇಡ, ಊರಿಗೊಂದು ಸಾಕು.

ಮೂರನೆಯದು, ಗಣಕಯಂತ್ರವಾದ ಮಾತ್ರಕ್ಕೆ ಸ್ವಾತಂತ್ರ್ಯ ಬಂದುಬಿಡುವುದಿಲ್ಲ. ಮೈಕ್ರೋಸಾಫ್ಟ್ 2002ರಲ್ಲಿ ಟಿವಿ ದಾಖಲಿಸಲೆಂದೇ ‘ಮೀಡಿಯಾ ಸೆಂಟರ್’ ಎಂಬ ತಂತ್ರಾಂಶವನ್ನು ತಂದಿತು. 2015ರಲ್ಲಿ ವಿಂಡೋಸ್ 10 ಬಂದಾಗ ಅದನ್ನು ಕೈಬಿಟ್ಟಿತು. ನಂಬಿ ಕಟ್ಟಿಕೊಂಡವರು ನಡುನೀರಿನಲ್ಲಿ ಉಳಿದರು. ಲಿನಕ್ಸ್, ಅದರ ಮೇಲೆ ಓಡುವ ಮಿಥ್‌ಟಿವಿ, ಕೋಡಿಯಂತಹ ಮುಕ್ತ ತಂತ್ರಾಂಶಗಳಲ್ಲಿ ಈ ಭಯ ಕಡಿಮೆ. ಒಬ್ಬರು ಬಿಟ್ಟರೆ ಇನ್ನೊಬ್ಬರು ಎತ್ತಿಕೊಳ್ಳಲು ಅವುಗಳ ಮೂಲಪಠ್ಯ ಎಲ್ಲರಿಗೂ ತೆರೆದಿರುತ್ತದೆ.

ನಾಲ್ಕನೆಯದು, ಕಷ್ಟ. ಪೆಟ್ಟಿಗೆಯನ್ನು ಅಜ್ಜಿಯೂ ಒಂದು ಗುಂಡಿ ಒತ್ತಿ ನಡೆಸಬಲ್ಲಳು. ಗಣಕಯಂತ್ರವನ್ನು ಹೊಂದಿಸಲು ಒಂದೆರಡು ಭಾನುವಾರಗಳು ಬೇಕು. ಇದನ್ನು ಒಪ್ಪೋಣ. ಆದರೆ ಊರಿನ ಇಬ್ಬರು ಕಾಲೇಜು ಹುಡುಗರು, ಇಬ್ಬರು ಹುಡುಗಿಯರು ಆ ಭಾನುವಾರಗಳಲ್ಲಿ ಕಲಿಯುವ ವಿದ್ಯೆಯನ್ನು ನಷ್ಟದ ಕಡೆಗೆ ಬರೆಯುವುದು ಯಾವ ಲೆಕ್ಕ?

ಇಲ್ಲಿ ಹರಿಹರದ ಇನ್ನೊಂದು ನೆನಪು ಪ್ರಸ್ತುತ. 1941ರಲ್ಲಿ ಆ ಊರಿನಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಲೇತ್ ಯಂತ್ರಗಳಿಗೆ ಹೆಸರಾಗಿತ್ತು. ಕಾರ್ಖಾನೆ ಮುಚ್ಚಿಹೋಯಿತು, ಸಾವಿರಾರು ಸಂಸಾರಗಳು ಆ ಪೆಟ್ಟು ತಿಂದವು. ಆದರೆ ಅಲ್ಲಿ ತಯಾರಾದ ಲೇತುಗಳು ವರ್ಕ್‌ಶಾಪುಗಳಲ್ಲಿ ಇನ್ನೂ ತಿರುಗುತ್ತಿವೆ. ಏಕೆ? ಬೆಲ್ಟು ಹರಿದರೆ ಬೆಲ್ಟು, ಗೇರು ಸವೆದರೆ ಗೇರು ಬದಲಿಸಬಹುದು. ಬಿಡಿಭಾಗ ಸಿಗದಿದ್ದರೆ ಇನ್ನೊಂದು ಲೇತಿನ ಮೇಲೆ ಕಡೆದುಕೊಳ್ಳಲೂಬಹುದು. ತಯಾರಕನು ಇಲ್ಲವಾದರೂ ಯಂತ್ರ ಬಾಳುತ್ತದೆ. ಬಿಡಿಭಾಗಗಳಿಂದ ಕಟ್ಟಿದ ಗಣಕಯಂತ್ರ ಒಂದಷ್ಟು ಮಟ್ಟಿಗೆ ಈ ಜಾತಿಗೆ ಸೇರಿದ್ದು. ಡಿಸ್ಕ್ ಹೋದರೆ ಡಿಸ್ಕ್, ಪವರ್ ಸಪ್ಲೈ ಸುಟ್ಟರೆ ಪವರ್ ಸಪ್ಲೈ ಬದಲಿಸಿದರಾಯಿತು. ಮೊಹರು ಹಾಕಿದ ಪೆಟ್ಟಿಗೆಯಾದರೋ ಒಂದು ಚಿಪ್ಪು ಹೋದರೆ ಇಡಿಯಾಗಿ ಗುಜರಿಗೆ.

ಆ ಗುಜರಿ ಎಲ್ಲಿಗೆ ಹೋಗುತ್ತದೆ? ತಾಮ್ರದಾಸೆಗೆ ವೈರುಗಳನ್ನು ಬಯಲಲ್ಲಿ ಸುಟ್ಟರೆ ಹೊಗೆಯಲ್ಲಿ ವಿಷ. ಹಳೆಯ ಬೋರ್ಡುಗಳ ಬೆಸುಗೆಯಲ್ಲಿ ಸೀಸ. ಬೂದಿ ಹಳ್ಳಕ್ಕೆ, ಹಳ್ಳ ಹೊಳೆಗೆ. ನಮ್ಮ ಗಂಗಾಮೂಲದಲ್ಲಿ ಹುಟ್ಟಿದ ತುಂಗೆ, ಭದ್ರೆಯರು ಕೂಡಲಿಯಲ್ಲಿ ಒಂದಾಗಿ ಹರಿಹರದ ಮುಂದೆ ಹರಿಯುತ್ತಾರೆ. ಮೇಲಿನವರು ಬಿಟ್ಟದ್ದನ್ನು ಕೆಳಗಿನವರು ಕುಡಿಯುತ್ತಾರೆ. ಹರಿಹರದ ಎದುರು ದಂಡೆಯ ಕುಮಾರಪಟ್ಟಣದ ಕಾರ್ಖಾನೆಯ ತ್ಯಾಜ್ಯದ ವಿರುದ್ಧ ಎಂಬತ್ತರ ದಶಕದಲ್ಲಿ ನದಿದಂಡೆಯ ಜನ ದನಿಯೆತ್ತಿದಾಗ ನಾವು ಅವರೊಂದಿಗೆ ನಿಂತವರು. ಇಂದು ನಮ್ಮ ಮನೆಯ ಗುಜರಿಯ ಬಗ್ಗೆ ಕಣ್ಣುಮುಚ್ಚಿದರೆ ಆ ನಿಲುವಿಗೆ ಏನು ಬೆಲೆ?

ಆದ್ದರಿಂದಲೇ ಹೊಸ ಹೋಮ್ ಥಿಯೇಟರ್ ಕಂಪ್ಯೂಟರನ್ನೂ ಕೊಳ್ಳಬೇಡಿ ಎನ್ನುತ್ತೇವೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ಹೊಸ ಆವೃತ್ತಿಯನ್ನು ಹಾಕಲು ಬಾರದೆಂಬ ಒಂದೇ ಕಾರಣಕ್ಕೆ ಕಚೇರಿಗಳ ಗಟ್ಟಿಮುಟ್ಟಾದ ಗಣಕಯಂತ್ರಗಳು ಮೂಲೆ ಸೇರುತ್ತಿವೆ. ಅವು ಲಿನಕ್ಸಿನಲ್ಲಿ ಇನ್ನೂ ಹಲವು ವರ್ಷ ದುಡಿಯಬಲ್ಲವು. ಸಾಧಾರಣ ಗುಣಮಟ್ಟದ ಪ್ರಸಾರವು ಸೆಕೆಂಡಿಗೆ 3 ಮೆಗಾಬಿಟ್‌ನಷ್ಟಿದ್ದರೆ ಒಂದು ಗಂಟೆಯ ಪಾಠಕ್ಕೆ ಸುಮಾರು 1.35 ಗಿಗಾಬೈಟ್ ಸಾಕು. 500 ಗಿಗಾಬೈಟಿನ ಹಳೆಯ ಡಿಸ್ಕಿನಲ್ಲಿ ಮುನ್ನೂರೈವತ್ತು ಗಂಟೆಗೂ ಮೀರಿ ಹಿಡಿಸುತ್ತದೆ. ಪ್ರತಿಯೊಂದನ್ನು ಇನ್ನೊಂದು ಡಿಸ್ಕಿನಲ್ಲಿಟ್ಟರೆ ಒಂದು ಕೆಟ್ಟರೂ ಚಿಂತೆಯಿಲ್ಲ.

ಎಲ್ಲವೂ ಯೂಟ್ಯೂಬಿನಲ್ಲಿ ಇದೆಯಲ್ಲ ಎನ್ನುವವರಿಗೆ ಎರಡು ಮಾತು. ಸಿಗ್ನಲ್ಲಿಗಾಗಿ ಗುಡ್ಡದ ನೆತ್ತಿಯಲ್ಲಿ ಕೊಡೆ ಹಿಡಿದು ಕೂತ ಮಕ್ಕಳನ್ನು ನಾವು ಮರೆತಿಲ್ಲ. ಎರಡನೆಯದಾಗಿ, ಅದೂ ಪರರ ಕಪಾಟೇ. ಇಂದು ಇದ್ದದ್ದು ನಾಳೆ ಇರಬೇಕೆಂಬ ನಿಯಮವಿಲ್ಲ.

ಪೆಟ್ಟಿಗೆಯೇ ಬೇಕೆನ್ನುವವರನ್ನು ನಾವು ದೂರುವುದಿಲ್ಲ. ಫ್ರೀ ಡಿಶ್‌ಗೆ ಹೊಂದುವ, ಪೆನ್‌ಡ್ರೈವಿಗೆ ದಾಖಲಿಸುವ ಸಣ್ಣ ಪೆಟ್ಟಿಗೆಗಳೂ ಪೇಟೆಯಲ್ಲಿವೆ. ವಯಸ್ಸಾದವರಿಬ್ಬರೇ ಇರುವ ಮನೆಗೆ ಅದು ವಿವೇಕದ ಆಯ್ಕೆಯೂ ಆಗಬಹುದು. ಆದರೆ ಹಣ ಕೊಡುವ ಮುನ್ನ ಅಂಗಡಿಯಲ್ಲೇ ಐದು ನಿಮಿಷ ದಾಖಲಿಸಿ, ಆ ಪೆನ್‌ಡ್ರೈವನ್ನು ಪಕ್ಕದ ಗಣಕಯಂತ್ರಕ್ಕೆ ಸಿಕ್ಕಿಸಿ ನೋಡಿ. ಚಿತ್ರ ಮೂಡಿದರೆ ದಾಖಲೆ ನಿಮ್ಮದು. ಮೂಡದಿದ್ದರೆ ಪೆಟ್ಟಿಗೆ ಎಷ್ಟೇ ಅಗ್ಗವಾದರೂ ಬೇಡವೆನ್ನಿ. ಕೆಟ್ಟರೆ ದುರಸ್ತಿ ಮಾಡುವವರು ಯಾರು, ಹಳೆಯದನ್ನು ಯಾರು ವಾಪಸು ಪಡೆಯುತ್ತಾರೆ ಎಂದೂ ಕೇಳಿ. ಮೂರಕ್ಕೂ ನೇರ ಉತ್ತರ ಕೊಡದ ಅಂಗಡಿಯ ಮೆಟ್ಟಿಲಿಳಿದು ಬನ್ನಿ.

1987ರ ನವೆಂಬರ್ 14ರಂದು ಕುಸನೂರಿನಲ್ಲಿ ನಡೆದ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹವನ್ನು ಹಿರಿಯರು ಬಲ್ಲರು. ಹರಿಹರದ ನಾರು ಕಾರ್ಖಾನೆಯೂ ಪಾಲುದಾರನಾಗಿದ್ದ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಊರೊಟ್ಟಿನ ನೆಲವನ್ನು ಒಪ್ಪಿಸಿದ್ದರ ವಿರುದ್ಧ ನಡೆದ ಹೋರಾಟವದು. ಜನ ನೀಲಗಿರಿ ಸಸಿಯನ್ನು ಕಿತ್ತು ಸುಮ್ಮನಾಗಲಿಲ್ಲ. ಆ ಜಾಗದಲ್ಲಿ ತಮಗೆ ಬೇಕಾದ ಸಸಿಯನ್ನು ಹಚ್ಚಿದರು. ನೆಲದ ಹೋರಾಟಕ್ಕೂ ಟಿವಿ ಪೆಟ್ಟಿಗೆಗೂ ತೂಕದಲ್ಲಿ ಅಜಗಜಾಂತರವಿದೆ, ಬಲ್ಲೆವು. ಬೇಡವೆಂದು ಕಿತ್ತ ಕಡೆ ಬೇಕಾದ್ದನ್ನು ನೆಡಬೇಕೆಂಬ ಪಾಠ ಮಾತ್ರ ಎರಡಕ್ಕೂ ಒಂದೇ.

ನಮ್ಮ ವಾಚನಾಲಯಕ್ಕೆ ಕಚೇರಿಯೊಂದು ಬಿಟ್ಟ ಹಳೆಯ ಗಣಕಯಂತ್ರ ಬಂದಿದೆ. ಟ್ಯೂನರ್ ಕಾರ್ಡನ್ನು ಮುಂದಿನ ಸಲ ದಾವಣಗೆರೆಗೆ ಹೋದವರು ತರುತ್ತಾರೆ. ಲಿನಕ್ಸ್ ಹಾಕುವುದನ್ನು ಬಲ್ಲ ವಿದ್ಯಾರ್ಥಿಗಳು ಬರುವ ಭಾನುವಾರ ಬೆಳಿಗ್ಗೆ ವಾಚನಾಲಯಕ್ಕೆ ಬನ್ನಿ. ಬಾರದವರೂ ಬನ್ನಿ, ಕಲಿಯಲಿಕ್ಕೆ. ಮೊದಲು ದಾಖಲಿಸುವ ಪಾಠದ ಒಂದು ಪ್ರತಿಯನ್ನು ಹರಿಹರದ ಆ ಶಿಕ್ಷಕಿಗೆ ಕಳುಹಿಸುವುದೆಂದು ಬಳಗ ತೀರ್ಮಾನಿಸಿದೆ.