ಬಿಳಿಕೋಟಿನ ಕೂಲಿಗೆ ಗಡಿಯಾರವಿಲ್ಲವೇ?



ನಮ್ಮ ಬೀದಿಯ ಲೇತ್ ಕೆಲಸಗಾರನೊಬ್ಬನ ಬೆರಳು ಯಂತ್ರಕ್ಕೆ ಸಿಕ್ಕಿ, ನಡುರಾತ್ರಿ ಅವನನ್ನು ಆಸ್ಪತ್ರೆಗೊಯ್ದೆವು. ಯಾವ ಆಸ್ಪತ್ರೆಯೆಂಬುದು ಬೇಡ. ದೂರು ಒಂದು ಕಟ್ಟಡದ ಮೇಲಲ್ಲ. ಹೊಲಿಗೆ ಹಾಕಬಂದ ಯುವಕ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದ. ನಮ್ಮವರು ರೇಗಿದರು. ನಾನೂ ದನಿಯೇರಿಸಿದೆ, ಮೇಷ್ಟರ ಚಟ ಇನ್ನೂ ಹೋಗಿಲ್ಲ. ಆಮೇಲೆ ತಿಳಿಯಿತು: ಬೆಳಿಗ್ಗೆ ಎಂಟರಿಂದ ನಿಂತವನು, ಮರುದಿನ ಸಂಜೆಯವರೆಗೆ ಬಿಡುಗಡೆಯಿಲ್ಲ. ಎಂ.ಬಿ.ಬಿ.ಎಸ್. ಮುಗಿಸಿ ಮೇಲಿನ ಓದಿಗೆ ಸೇರಿದ ಮೊದಲ ವರ್ಷದ ರೆಸಿಡೆಂಟ್.

ರೆಸಿಡೆಂಟ್ ಎಂದರೆ ವಾಸವಿರುವವನು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಹಾಲ್‌ಸ್ಟೆಡ್ ಬೆಳೆಸಿದ ಪದ್ಧತಿಯಿದು. ಆತ ಕೊಕೇನ್ ಚಟಕ್ಕೆ ಬಿದ್ದಿದ್ದನೆಂಬುದನ್ನು ಹೊಗಳುಭಟ್ಟರು ಹೇಳುವುದಿಲ್ಲ. ಈ ಸಾಲಿನಲ್ಲಿ ಮೊದಲ ವರ್ಷದವನೇ ಕಟ್ಟಕಡೆಯ ಆಳು. ರಕ್ತ ತೆಗೆಯಲು ಅವನು, ರಿಪೋರ್ಟ್ ತರಲು ಅವನು, ಬೈಸಿಕೊಳ್ಳಲು ಅವನು.

ಗಿರಣಿಯವನಿಗೆ ವಾರಕ್ಕೆ 48 ಗಂಟೆಯ ಮಿತಿಯನ್ನು 1948ರ ಕಾಯಿದೆ ಹಾಕಿತು. (2023ರಲ್ಲಿ ನಮ್ಮ ರಾಜ್ಯ ದಿನದ ದುಡಿಮೆಯನ್ನು 12 ಗಂಟೆಗೆ ಏರಿಸಲು ದಾರಿ ಮಾಡಿದ ಕಥೆಯನ್ನು ಇನ್ನೊಮ್ಮೆ ವಿಚಾರಿಸಿಕೊಳ್ಳೋಣ.) ಅಂಗಡಿಯ ಹುಡುಗನಿಗೂ 1961ರ ಕಾಯಿದೆ ವಾರದ ರಜೆ ಕೊಟ್ಟಿತು. 1992ರ ಕೇಂದ್ರ ರೆಸಿಡೆನ್ಸಿ ಯೋಜನೆಯಲ್ಲಿ ವೈದ್ಯನಿಗೂ ಅದೇ ಲೆಕ್ಕ ಬರೆದರು: ಒಂದೇ ಸಮನೆ 12 ಗಂಟೆ ಮೀರದಂತೆ, ವಾರಕ್ಕೆ 48. ಕಾಗದದಲ್ಲಿ! ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮಾವಳಿಯಲ್ಲಿ ಗಂಟೆಯ ಅಂಕಿಯ ಬದಲು ‘ಸಮಂಜಸ’ ಎಂಬ ಮಾತು ಕುಳಿತಿದೆ. ಸಮಂಜಸವಂತೆ! ನಮ್ಮ ಮಾಲೀಕರು ಕೊಡುವ ಕೂಲಿಯೂ ಅವರ ಕಣ್ಣಿಗೆ ಸಮಂಜಸವೇ. 2024ರಲ್ಲಿ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರಬಾರದೆಂದು ಶಿಫಾರಸು ಮಾಡಿತು. ಅದೇ ದೊಡ್ಡ ಕೃಪೆ! 48 ಹೋಗಿ 74 ಬಂದದ್ದು ಪ್ರಗತಿಯೇ?

‘ಗಂಟೆ ಎಣಿಸಿದರೆ ವಿದ್ಯೆ ಬಂದೀತೇ?’ ಎನ್ನುವ ಹಿರಿಯ ವೈದ್ಯರಿದ್ದಾರೆ. ತೂಕಡಿಸುವ ಹುಡುಗನ ತಲೆಗೆ ಮಗ್ಗಿ ಹತ್ತದೆಂದು ನಾನು ಬಲ್ಲೆ. ಬಾಸ್ಟನ್ ನಗರದ ಆಸ್ಪತ್ರೆಯೊಂದರಲ್ಲಿ ಪರೀಕ್ಷಿಸಿ ನೋಡಿ 2004ರಲ್ಲಿ ಪ್ರಕಟಿಸಿದರು: ದೀರ್ಘ ಪಾಳಿಯಲ್ಲಿ ಮೊದಲ ವರ್ಷದವರ ಗಂಭೀರ ತಪ್ಪುಗಳು ನೂರಕ್ಕೆ 36ರಷ್ಟು ಹೆಚ್ಚು. ಪಾಳಿ ಬದಲಿಸಿದರೆ ರೋಗಿಯ ವಿವರ ಕೈಬಿಟ್ಟುಹೋಗುತ್ತದೆಂಬ ವಾದವೂ ಉಂಟು. ಅದು ಪೂರ್ತಿ ಸುಳ್ಳಲ್ಲ. ಆದರೆ ಪಾಳಿ ಒಪ್ಪಿಸುವುದು ಹೇಗೆಂದು ಪೀಣ್ಯದ ಫೋರ್‌ಮನ್ ಕಲಿಸಬಲ್ಲ.

ನಿಜವಾದ ಕಾರಣ ಬೇರೆ. ಇಬ್ಬರ ಕೆಲಸಕ್ಕೆ ಒಬ್ಬನ ಸ್ಟೈಪೆಂಡ್ ಕೊಟ್ಟರೆ ಹುದ್ದೆ ತುಂಬಬೇಕಿಲ್ಲ. 2024ರ ಆಗಸ್ಟ್‌ನಲ್ಲಿ ಕರ್ನಾಟಕದ ರೆಸಿಡೆಂಟರು ಸ್ಟೈಪೆಂಡ್‌ಗಾಗಿ ಮುಷ್ಕರ ಹೂಡಿದರು. ಅದೇ ತಿಂಗಳು ಕಲ್ಕತ್ತೆಯ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ದೀರ್ಘ ಪಾಳಿಯ ನಡುವೆ ಸಭಾಕೋಣೆಯಲ್ಲಿ ಒರಗಿದ್ದ ತರಬೇತಿ ವೈದ್ಯೆಯ ಮೇಲೆ ಅತ್ಯಾಚಾರವೆಸಗಿ ಕೊಂದರು.

ಪೀಣ್ಯದಲ್ಲಿ ಇಎಸ್‌ಐ ಆಸ್ಪತ್ರೆ, ರಾಜಾಜಿನಗರದಲ್ಲಿ ಇಎಸ್‌ಐ ವೈದ್ಯಕೀಯ ಕಾಲೇಜು ಇವೆ. ಇಎಸ್‌ಐಗಾಗಿ ನಿಮ್ಮ ಕೂಲಿಯ ನೂರಕ್ಕೆ ಮುಕ್ಕಾಲು ರೂಪಾಯಿ ಕಡಿತವಾಗುತ್ತದೆ. ಕೇಳುವ ಹಕ್ಕು ನಮ್ಮದು. ಕಾರ್ಖಾನೆಯ ಗೋಡೆಯಲ್ಲಿ ಪಾಳಿ ಪಟ್ಟಿ ತೂಗುಹಾಕುವಂತೆ, ಎಲ್ಲ ಆಸ್ಪತ್ರೆಗಳ ತುರ್ತುಚಿಕಿತ್ಸೆಯ ಬಾಗಿಲಲ್ಲೂ ವೈದ್ಯರ ಪಾಳಿ ಪಟ್ಟಿ ತೂಗಲಿ: ಯಾರು, ಎಷ್ಟು ಗಂಟೆಯಿಂದ ನಿಂತಿದ್ದಾರೆಂದು. ಮನವಿಪತ್ರ ಸಿದ್ಧವಾಗಿದೆ. ಸಂಜೆ ಪಾಳಿ ಬಿಟ್ಟವರು ಬಂದು ಸಹಿ ಹಾಕಿ.