ಗಾಜಿನ ಹಿಂದಣ ಬೆಂಕಿ

ಕೆನಡಾದಲ್ಲಿ ಮನೆ ಕೊಂಡು ನೆಲೆನಿಂತ ಕನ್ನಡ ಕುಟುಂಬಗಳಲ್ಲಿ, ಸಾಲದ ಕಂತುಗಳು ತಕ್ಕಮಟ್ಟಿಗೆ ಹಗುರವಾದ ಮೇಲೆ, ನಡುಮನೆಯ ಗೋಡೆಗೆ ಗ್ಯಾಸಿನ ಅಗ್ಗಿಷ್ಟಿಕೆಯೊಂದನ್ನು ಕೂರಿಸಬೇಕೆಂಬ ಮಾತು ಒಂದಲ್ಲ ಒಂದು ಚಳಿಗಾಲದಲ್ಲಿ ಬಂದೇ ಬರುತ್ತದೆ. ಊರಿನಿಂದ ಬಂದ ತಂದೆತಾಯಿಗಳು ಶಾಲು ಹೊದ್ದು ಮುದುಡಿ ಕುಳಿತಿರುವುದು ಅದಕ್ಕೊಂದು ಕಾರಣ. ನೆರೆಮನೆಯವರು ಆಗಲೇ ಕೂರಿಸಿರುವುದು ಇನ್ನೊಂದು ಕಾರಣ. ಅಂಗಡಿಯಲ್ಲಿ ಕಲ್ಲಿನ ಚೌಕಟ್ಟಿನ ನಡುವೆ ಕುಣಿಯುವ ಜ್ವಾಲೆಯು ಅತ್ಯಂತ ಮನೋಹರವಾಗಿ ಕಾಣುವುದು, ಬಾಯಿಬಿಟ್ಟು ಯಾರೂ ಹೇಳದಿದ್ದರೂ, ಮಿಕ್ಕೆರಡಕ್ಕಿಂತ ಬಲವಾದ ಕಾರಣ. ಈ ಆಸೆಯನ್ನು ನಾನು ಹಳಿಯುವವನಲ್ಲ. ಆದರೆ ಹಿಮದ ನಾಡಿನಲ್ಲಿ ಬೆಂಕಿಯ ಯೋಗ್ಯತೆಯನ್ನು, ವಿದ್ಯುತ್ತು ಹೋದ ರಾತ್ರಿಯಲ್ಲಿ ಅದು ಏನು ಮಾಡಿತೆಂಬುದರಿಂದಲೇ ಅಳೆಯತಕ್ಕದ್ದು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಈ ಒಂದು ಅಳತೆಗೋಲನ್ನು ಕೈಯಲ್ಲಿ ಹಿಡಿದುಕೊಂಡರೆ ಯಾವುದನ್ನು ಕೊಳ್ಳಬೇಕು, ಎಲ್ಲಿ ಕೂರಿಸಬೇಕು, ಯಾವುದಕ್ಕೆ ಹಣ ಸುರಿಯಬಾರದು ಎಂಬ ಮಿಕ್ಕ ಪ್ರಶ್ನೆಗಳು ಬಹುಮಟ್ಟಿಗೆ ತಾವಾಗಿಯೇ ತೀರ್ಮಾನವಾಗುತ್ತವೆ.

ವಿನ್ನಿಪೆಗ್ ನಗರದಲ್ಲಿ ಜನವರಿ ತಿಂಗಳ ಸರಾಸರಿ ಉಷ್ಣತೆಯೇ ಸೊನ್ನೆಗಿಂತ ಸುಮಾರು 16 ಡಿಗ್ರಿ ಕೆಳಗಿರುತ್ತದೆ. ನಮ್ಮವರು ಹೆಚ್ಚಾಗಿ ನೆಲೆಸಿರುವ ಟೊರಾಂಟೊ ಪ್ರಾಂತ ಅಷ್ಟು ಕ್ರೂರವಲ್ಲವಾದರೂ, ಅಲ್ಲಿಯೂ ಕೆಲವು ರಾತ್ರಿಗಳಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಕ್ಕೆ ಇಳಿಯುವುದುಂಟು. ಇಂಥ ಹವೆಯಲ್ಲಿ ಮನೆಯನ್ನು ಬೆಚ್ಚಗಿಡುವ ಭಾರವನ್ನು ಹೊತ್ತಿರುವುದು ಸಾಮಾನ್ಯವಾಗಿ ನೆಲಮಾಳಿಗೆಯಲ್ಲಿ ಕುಳಿತ ಫರ್ನೇಸು. ಅದು ಉರಿಯುವುದು ಗ್ಯಾಸಿನಿಂದಲೇ ಆದರೂ, ಕಾದ ಗಾಳಿಯನ್ನು ಕೋಣೆಕೋಣೆಗೂ ನೂಕುವ ಬ್ಲೋವರ್ ತಿರುಗುವುದಕ್ಕೆ ವಿದ್ಯುತ್ತು ಬೇಕಾದುದರಿಂದ, ತಂತಿಯಲ್ಲಿ ಕರೆಂಟು ನಿಂತೊಡನೆ ಕೊಳವೆಯಲ್ಲಿ ಗ್ಯಾಸು ತುಂಬಿದ್ದರೂ ಫರ್ನೇಸು ನಿರುಪಯೋಗಿಯಾಗುತ್ತದೆ. 1998ರ ಜನವರಿಯಲ್ಲಿ ಕ್ವಿಬೆಕ್ ಮತ್ತು ಪೂರ್ವ ಒಂಟೇರಿಯೋ ಪ್ರದೇಶಗಳಲ್ಲಿ ದಿನಗಟ್ಟಲೆ ಸುರಿದ ಮಳೆಯು, ಬಿದ್ದಲ್ಲೆಲ್ಲ ಹೆಪ್ಪುಗಟ್ಟಿ, ಮಂಜುಗಡ್ಡೆಯ ಭಾರಕ್ಕೆ ಉಕ್ಕಿನ ವಿದ್ಯುತ್ ಗೋಪುರಗಳೇ ಮಡಿಚಿ ಬಿದ್ದಾಗ, ದಶಲಕ್ಷಗಟ್ಟಲೆ ಜನ ಕತ್ತಲೆಯಲ್ಲಿಯೂ ಚಳಿಯಲ್ಲಿಯೂ ಸಿಲುಕಿದರು. ಮಾಂಟ್ರಿಯಲ್ ನಗರದ ದಕ್ಷಿಣಕ್ಕಿರುವ ಕೆಲವು ಊರುಗಳಿಗೆ ಬೆಳಕು ಮರಳಿ ಬರಲು ವಾರಗಳೇ ಹಿಡಿದವು. 2013ರ ಡಿಸೆಂಬರಿನಲ್ಲಿ, ಕ್ರಿಸ್ಮಸ್ ಹಬ್ಬ ಇನ್ನೇನು ಬಂತೆನ್ನುವಾಗ, ಟೊರಾಂಟೊ ನಗರದಲ್ಲಿಯೇ ಇಂಥದೊಂದು ಮಳೆ ಬಂದು ಸುಮಾರು 3 ಲಕ್ಷ ಗ್ರಾಹಕರ ವಿದ್ಯುತ್ತು ಹೋಯಿತು. ಗ್ಯಾಸಿನ ಕೊಳವೆಗಳಾದರೋ ನೆಲದೊಳಗೆ ಹಾದಿರುವುದರಿಂದ ಈ ಭಾರ ಅವಕ್ಕೆ ತಟ್ಟುವುದಿಲ್ಲ. ಗ್ಯಾಸಿನ ಅಗ್ಗಿಷ್ಟಿಕೆಯ ಪರವಾಗಿ ಹೇಳಬಹುದಾದ ವಾದಗಳಲ್ಲಿ ಇದಕ್ಕಿಂತ ಗಟ್ಟಿಯಾದುದು ನನಗೆ ತೋರದು.

ಹಾಗೆಂದು ಬೆಂಕಿ ಎಲ್ಲಿ ಉರಿದರೂ ಮನೆ ಬೆಚ್ಚಗಾಗುತ್ತದೆಂದು ನಂಬುವಂತಿಲ್ಲ. ತೆರೆದ ಬಾಯಿಯ ಹಳೆಯ ಅಗ್ಗಿಷ್ಟಿಕೆಯು ತನ್ನ ಮುಂದೆ ಕುಳಿತವರ ಮುಖವನ್ನು ಕಾಯಿಸುತ್ತ, ಅವರ ಬೆನ್ನ ಹಿಂದಿನ ಬೆಚ್ಚನೆಯ ಗಾಳಿಯನ್ನೆಲ್ಲ ಚಿಮಣಿಯ ಮೂಲಕ ಆಕಾಶಕ್ಕೆ ಕಳುಹಿಸುತ್ತದೆ; ಹೋದ ಗಾಳಿಯ ಸ್ಥಾನವನ್ನು ತುಂಬಲು ಕಿಟಕಿ ಬಾಗಿಲುಗಳ ಸಂದಿನಿಂದ ಹಿಮಗಾಳಿ ಒಳನುಗ್ಗುತ್ತದೆ. ಈ ಅನರ್ಥವನ್ನು ಕಂಡೇ ಬೆಂಜಮಿನ್ ಫ್ರಾಂಕ್ಲಿನನು ತಾನು ರೂಪಿಸಿದ ಕಬ್ಬಿಣದ ಅಗ್ಗಿಷ್ಟಿಕೆಯನ್ನು ವಿವರಿಸುವ ಪುಸ್ತಿಕೆಯೊಂದನ್ನು 1744ರಲ್ಲಿ ಪ್ರಕಟಿಸಿದನು; ಅದೇ ಶತಮಾನದ ಕೊನೆಯಲ್ಲಿ ವಿಜ್ಞಾನಿ ಕೌಂಟ್ ರಮ್‌ಫರ್ಡನು ಅಗ್ಗಿಷ್ಟಿಕೆಯ ಆಳವನ್ನು ತಗ್ಗಿಸಿ, ಪಕ್ಕದ ಗೋಡೆಗಳನ್ನು ಓರೆಮಾಡಿ, ಹೊಗೆ ಏರುವ ಗಂಟಲನ್ನು ಕಿರಿದುಗೊಳಿಸಿ ಲಂಡನ್ನಿನ ಮನೆಗಳ ಹೊಗೆಯನ್ನು ಎಷ್ಟೋ ಮಟ್ಟಿಗೆ ನೀಗಿಸಿದನು. ಅವರಿಬ್ಬರೂ ಹೆಣಗಿದ ಸಮಸ್ಯೆಯನ್ನು ಇಂದಿನ ಡೈರೆಕ್ಟ್ ವೆಂಟ್ ಅಗ್ಗಿಷ್ಟಿಕೆಯು ಬೆಂಕಿಗೂ ಕೋಣೆಗೂ ಇದ್ದ ಗಾಳಿಯ ಸಂಬಂಧವನ್ನೇ ಕಡಿದುಹಾಕಿ ಬಗೆಹರಿಸಿದೆ. ಅದರ ಮುಂಭಾಗವನ್ನು ದಪ್ಪ ಗಾಜು ಬಿಗಿಯಾಗಿ ಮುಚ್ಚಿರುತ್ತದೆ. ಹಿಂದುಗಡೆಯಿಂದ ಹೊರಗೋಡೆಯನ್ನು ತೂರಿ ಹೋಗುವ ಕೊಳವೆ ನೋಡಲು ಒಂದಾದರೂ ವಾಸ್ತವವಾಗಿ ಒಂದರೊಳಗೊಂದು ಸೇರಿದ ಎರಡು ಕೊಳವೆಗಳು. ಒಳಗಿನದು ಉರಿದ ಅನಿಲವನ್ನು ಹೊರಗೆ ಸಾಗಿಸಿದರೆ, ಅದನ್ನು ಸುತ್ತುವರಿದ ದೊಡ್ಡದು ಉರಿಗೆ ಬೇಕಾದ ಗಾಳಿಯನ್ನು ಹೊರಗಿನಿಂದಲೇ ತರುತ್ತದೆ. ಗಾಜಿನ ಹಿಂದೆ ಕಾಣುವ ಕಟ್ಟಿಗೆ ಕಟ್ಟಿಗೆಯಲ್ಲ, ಮರದ ತೊಗಟೆಯ ಗೆರೆಗಳನ್ನೂ ಗಂಟುಗಳನ್ನೂ ಮೂಡಿಸಿದ ಸೆರಾಮಿಕ್ ದಿಮ್ಮಿ. ಅದರ ಅಡಿಯಲ್ಲಿ ಕೆಂಡದಂತೆ ಹೊಳೆಯುವುದು ಕಲ್ಲಿನ ನೂಲಿನ ಚೂರು. ಆದರೆ ಕಾವು ನಿಜವಾದುದು: ಗಂಟೆಗೆ 30,000 ಬಿಟಿಯು (ಶಾಖವನ್ನು ಅಳೆಯುವ ಬ್ರಿಟಿಷ್ ಮಾನ) ಗ್ಯಾಸನ್ನು ಉರಿಸುವ ಮಧ್ಯಮ ಗಾತ್ರದ ಅಗ್ಗಿಷ್ಟಿಕೆಯೆಂದರೆ ಸುಮಾರು 9 ಕಿಲೋವಾಟಿನ ಉರಿ. ಅದರಲ್ಲಿ ಎಷ್ಟು ಪಾಲು ಕೋಣೆಗೆ ದಕ್ಕುತ್ತದೆಂಬುದು ದಕ್ಷತೆಯ ಅಂಕದಿಂದ ತಿಳಿಯುತ್ತದೆ. ಶೇಕಡಾ 50ಕ್ಕಿಂತ ಕೆಳಗಿನದನ್ನು ಅಲಂಕಾರವೆಂದು ಕರೆಯಬೇಕೇ ಹೊರತು ಒಲೆಯೆಂದಲ್ಲ.

ಚಿಮಣಿಯೇ ಬೇಡವೆಂದು ಹೇಳಿ ಮಾರುವ ಇನ್ನೊಂದು ಬಗೆಯೂ ಉಂಟು. ಅಮೆರಿಕದ ಹಲವು ಕಡೆ ಅದಕ್ಕೆ ಅವಕಾಶವಿದೆ, ಕೆನಡಾದ ಮನೆಗಳೊಳಗೆ ಇಲ್ಲ, ಇಲ್ಲದಿರುವುದೇ ಸರಿ. ಒಂದು ಕಿಲೋ ಮೀಥೇನ್ ಉರಿದರೆ ಎರಡೂಕಾಲು ಕಿಲೋ ನೀರಿನ ಆವಿ ಹುಟ್ಟುತ್ತದೆ. ಬಿಗಿಯಾಗಿ ಮುಚ್ಚಿದ ಮನೆಯಲ್ಲಿ ಆ ಆವಿಯೆಲ್ಲ ತಣ್ಣನೆಯ ಕಿಟಕಿಗಳ ಮೇಲೆ ಇಳಿದು, ಮೂಲೆಗಳಲ್ಲಿ ಬೂಷ್ಟು ಹಿಡಿಸುತ್ತದೆ. ಮಿಕ್ಕ ಅನಿಲಗಳು ಉಸಿರಿನ ಪಾಲಿಗೆ.

ಇನ್ನು, ಅಂಗಡಿಯವನು ಗಾಜಿನ ಅಂದವನ್ನೂ ರಿಮೋಟಿನ ಸೊಗಸನ್ನೂ ವರ್ಣಿಸುವ ಉತ್ಸಾಹದಲ್ಲಿ ಪ್ರಾಯಶಃ ಹೇಳದೆ ಬಿಡುವ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ವಿಷಯ ಪೈಲಟ್ ಜ್ವಾಲೆಯದು. ಹಳೆಯ ಮಾದರಿಗಳಲ್ಲಿ ಸಣ್ಣದೊಂದು ನೀಲಿ ಜ್ವಾಲೆ ಹಗಲಿರುಳೂ ಉರಿಯುತ್ತಿರುತ್ತದೆ. ಅದರ ಶಾಖಕ್ಕೆ ಮುಖವೊಡ್ಡಿದ ಥರ್ಮೋಪೈಲ್ ಎಂಬ ಲೋಹದ ಕಡ್ಡಿಯು ಒಂದು ವೋಲ್ಟಿಗೂ ಕಡಿಮೆಯಾದ ವಿದ್ಯುತ್ತನ್ನು ತಾನೇ ಉತ್ಪಾದಿಸಿ, ಅಷ್ಟರಿಂದಲೇ ಗ್ಯಾಸಿನ ಕವಾಟವನ್ನು ತೆರೆಯುತ್ತದೆ. ಆದ್ದರಿಂದ ಊರಿಗೆ ಊರೇ ಕತ್ತಲಾದರೂ ಆ ಅಗ್ಗಿಷ್ಟಿಕೆ ಹೊತ್ತಿಕೊಳ್ಳುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಸಣ್ಣದಲ್ಲ. ಗಂಟೆಗೆ ಸಾವಿರ ಬಿಟಿಯುವಿನವರೆಗೆ ನುಂಗುವ ಆ ಪುಟ್ಟ ಜ್ವಾಲೆ, ಬೇಸಗೆಯಲ್ಲಿಯೂ ಆರಿಸದೆ ಬಿಟ್ಟರೆ, ಒಂದು ದಿನದಲ್ಲಿ ಸುಡುವ ಗ್ಯಾಸು ಸಾಧಾರಣವಾದ ಅಗ್ಗಿಷ್ಟಿಕೆಯೊಂದು ಗಂಟೆಯ ಹೊತ್ತು ಪೂರ್ಣವಾಗಿ ಉರಿದುದಕ್ಕೆ ಹತ್ತಿರಹತ್ತಿರ ಸಮ. ಈ ಅಪವ್ಯಯವನ್ನು ಕಂಡು, ಹೊಸ ಅಗ್ಗಿಷ್ಟಿಕೆಗಳಲ್ಲಿ ಹೀಗೆ ಸದಾ ಉರಿಯುವ ಪೈಲಟ್ ಇರಕೂಡದೆಂದು ಕೆನಡಾ ಸರ್ಕಾರ ನಿಯಮ ಮಾಡಿತು. ಬೇಕಾದಾಗ ಮಾತ್ರ ಕಿಡಿ ಹಾರಿಸಿ ಹೊತ್ತಿಸುವ ಎಲೆಕ್ಟ್ರಾನಿಕ್ ವ್ಯವಸ್ಥೆ ಅದರ ಸ್ಥಾನಕ್ಕೆ ಬಂತು. ನಿಯಮ ನ್ಯಾಯವಾದುದೇ. ಆದರೆ ಕಿಡಿ ಹಾರಲು ವಿದ್ಯುತ್ತು ಬೇಕಲ್ಲವೆ? ಅದಕ್ಕಾಗಿ ಯಂತ್ರದ ಅಡಿಭಾಗದಲ್ಲಿ ಬ್ಯಾಟರಿಗಳ ಡಬ್ಬಿಯೊಂದನ್ನು ಇಟ್ಟಿರುತ್ತಾರೆ. ಟೊರಾಂಟೊ ಬಳಿಯ ಪರಿಚಿತರೊಬ್ಬರ ಮನೆಯಲ್ಲಿ ಕುತೂಹಲಕ್ಕೆಂದು ಆ ಡಬ್ಬಿಯನ್ನು ತೆಗೆಸಿ ನೋಡಿದಾಗ ಅದರೊಳಗೆ ಬ್ಯಾಟರಿಯೇ ಇರಲಿಲ್ಲ, ಇರಬೇಕೆಂಬುದೂ ಮನೆಯ ಯಜಮಾನರಿಗೆ ತಿಳಿದಿರಲಿಲ್ಲ. ಗೋಡೆಗೆ ಹೊದಿಸಿದ ಇಟಾಲಿಯನ್ ಕಲ್ಲಿನ ವಿಚಾರವನ್ನು ಅವರು ಸವಿಸ್ತಾರವಾಗಿ ಬಲ್ಲವರಾಗಿದ್ದರು. ನಾಲ್ಕು ಬ್ಯಾಟರಿಗಳ ಅಭಾವದಿಂದ ಸಹಸ್ರಾರು ಡಾಲರಿನ ಉಪಕರಣ ಆಪತ್ಕಾಲದಲ್ಲಿ ಬರಿಯ ಗಾಜಿನ ಪೆಟ್ಟಿಗೆಯಾಗಿ ನಿಲ್ಲುವುದಾದರೆ, ಕೊಂಡ ಉದ್ದೇಶವೇ ಕೆಟ್ಟಂತಲ್ಲವೆ?

ಸ್ಥಳದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಸಂಸಾರ ನಿಜವಾಗಿ ಕೂರುವ, ಬೇಕಾದರೆ ಎಲ್ಲರೂ ಒಂದು ರಾತ್ರಿ ಮಲಗಬಹುದಾದ, ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಉತ್ತಮ. ಎರಡಂತಸ್ತು ಎತ್ತರದ ತೆರೆದ ಹಜಾರದಲ್ಲಿ ಕೂರಿಸಿದರೆ ಕಾವೆಲ್ಲ ಸೂರಿನ ಕೆಳಗೆ ತೇಲುತ್ತದೆ, ಕುಳಿತವರ ಕಾಲು ತಣ್ಣಗೇ ಇರುತ್ತದೆ. ಫರ್ನೇಸಿನ ಥರ್ಮೋಸ್ಟಾಟ್ ಅದೇ ಕೋಣೆಯಲ್ಲಿದ್ದರೆ ಮತ್ತೊಂದು ತೊಡಕು: ಮನೆಯೆಲ್ಲ ಬೆಚ್ಚಗಿದೆಯೆಂದು ಅದು ಭ್ರಮಿಸಿ ಫರ್ನೇಸನ್ನು ನಿಲ್ಲಿಸುತ್ತದೆ, ಮಹಡಿಯಲ್ಲಿ ಮಲಗಿದ ಮಕ್ಕಳು ನಡುಗುತ್ತಾರೆ.

ಹೊಗೆಕೊಳವೆಯ ಹೊರಬಾಯಿಯ ವಿಚಾರಕ್ಕೆ ಬಂದಾಗ ಮಾತ್ರ ಓದುಗರು ಸ್ವಲ್ಪ ತಾಳ್ಮೆಯಿಂದ ಕೇಳಬೇಕೆಂದು ನನ್ನ ಬಿನ್ನಹ. ಆ ಬಾಯಿ ನೆಲದಿಂದಲೂ, ತೆರೆಯುವ ಕಿಟಕಿಗಳಿಂದಲೂ ಕನಿಷ್ಠ 30 ಸೆಂಟಿಮೀಟರ್ ದೂರವಿರಬೇಕೆಂದು ನಿಯಮ ಹೇಳುತ್ತದೆ; ಆದರೆ ಗಾಳಿ ತೂರಿ ತಂದ ಹಿಮವು ಗೋಡೆಯ ಬುಡದಲ್ಲಿ ಸೊಂಟದೆತ್ತರ ರಾಶಿಬೀಳುವ ನಾಡಿನಲ್ಲಿ ಕನಿಷ್ಠವನ್ನೇ ಗರಿಷ್ಠವೆಂದು ತಿಳಿಯುವುದು ವಿವೇಕವಲ್ಲ. ಬಾಯಿ ಮುಚ್ಚಿದರೆ ಉರಿಗೆ ಗಾಳಿ ಸಾಲದೆ ಹುಟ್ಟುವುದು ಇಂಗಾಲದ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರನ್ನು ಅದು ಎಬ್ಬಿಸುವುದಿಲ್ಲ. 2008ರ ಡಿಸೆಂಬರಿನಲ್ಲಿ ಒಂಟೇರಿಯೋದ ವುಡ್‌ಸ್ಟಾಕ್ ಪಟ್ಟಣದಲ್ಲಿ, ಗ್ಯಾಸಿನ ಅಗ್ಗಿಷ್ಟಿಕೆಯ ಹೊಗೆನಾಳ ಕಟ್ಟಿಕೊಂಡ ಕಾರಣ, ತಂದೆ, ತಾಯಿ ಮತ್ತು ಇಬ್ಬರು ಮಕ್ಕಳಿದ್ದ ಸಂಸಾರವೊಂದು ಇಡಿಯಾಗಿ ಅಳಿದುಹೋಯಿತು. ಆ ಮನೆಯಲ್ಲಿ ವಿಷಾನಿಲದ ಅಲಾರಂ ಇರಲಿಲ್ಲ. ಆ ದುರಂತದ ನೆನಪಿನಲ್ಲಿ 2013ರಲ್ಲಿ ಒಂಟೇರಿಯೋ ಶಾಸನಸಭೆ ಕಾಯಿದೆಯೊಂದನ್ನು ಅಂಗೀಕರಿಸಿ, ಇಂಧನ ಉರಿಸುವ ಉಪಕರಣವಿರುವ ಮನೆಗಳಲ್ಲಿ ಮಲಗುವ ಕೋಣೆಗಳ ಬಳಿ ಅಲಾರಂ ಕಡ್ಡಾಯವೆಂದು ವಿಧಿಸಿತು. ಈ ಪ್ರಸಂಗದಲ್ಲಿ ನಮ್ಮವರಿಗೇ ವಿಶೇಷವಾದ ಎಚ್ಚರವೊಂದನ್ನು ಹೇಳಬೇಕಾಗಿದೆ. ಬಾಣಂತನಕ್ಕೆಂದು ಊರಿನಿಂದ ಹೋದ ತಾಯಂದಿರು ಕೂಸಿಗೆ ಎರೆದು ಸಾಂಬ್ರಾಣಿಯ ಹೊಗೆ ಹಾಕಲು ಇದ್ದಿಲ ಕೆಂಡವನ್ನು ಹುಡುಕುತ್ತಾರೆ. ಹೆಂಚಿನ ಸಂದಿನಲ್ಲಿ ಗಾಳಿಯಾಡುತ್ತಿದ್ದ ಮನೆಗಳಲ್ಲಿ ಹಿರಿಯರು ನಿರಪಾಯವಾಗಿ ನಡೆಸಿಕೊಂಡು ಬಂದ ಆ ಪದ್ಧತಿ, ಗಾಳಿಯ ಎಳೆಯೂ ನುಸುಳದಂತೆ ಕಟ್ಟಿದ ಅಲ್ಲಿನ ಮನೆಗಳಲ್ಲಿ ಪ್ರಾಣಾಪಾಯವನ್ನು ತರಬಲ್ಲದು. ವಿದ್ಯುತ್ತು ಹೋದಾಗ ಅಂಗಳದ ಇದ್ದಿಲೊಲೆಯನ್ನು ಒಳಗೆ ತಂದವರು 1998ರಲ್ಲಿಯೂ ಇದ್ದರು, 2013ರಲ್ಲಿಯೂ ಇದ್ದರು.

ಕೂಸು ಅಂಬೆಗಾಲಿಡುವ ಮನೆಯಲ್ಲಿ ಗಾಜಿನ ಮುಂದೆ ತಂತಿಬಲೆಯ ತಡೆ ಇರಲೇಬೇಕು. ಬೆಂಕಿ ಉರಿಯುವಾಗ ಗಾಜು 200 ಡಿಗ್ರಿ ಸೆಲ್ಸಿಯಸ್ಸಿನ ಆಚೆಗೂ ಕಾಯುತ್ತದೆ, ಆರಿಸಿದ ಮೇಲೂ ಬಹಳ ಹೊತ್ತು ಬಿಸಿ ಉಳಿಯುತ್ತದೆ. 2015ರಿಂದ ಉತ್ತರ ಅಮೆರಿಕದ ಹೊಸ ಮಾದರಿಗಳೊಂದಿಗೆ ಈ ತಡೆ ಬರುತ್ತಿದೆ. ನೋಟ ಕೆಡುತ್ತದೆಂದು ಅದನ್ನು ಕಳಚಿ ಅಟ್ಟಕ್ಕೆ ಹಾಕುವವರ ರಸಿಕತೆಗೆ ನನ್ನಲ್ಲಿ ಗೌರವವಿಲ್ಲ.

ಪರಿಸರದ ಪಕ್ಷದಿಂದ ಬರುವ ಆಕ್ಷೇಪಣೆಯನ್ನು ಅಲ್ಲಗಳೆಯುವಂತಿಲ್ಲ. ಗ್ಯಾಸೆಂದರೆ ಬಹ್ವಂಶ ಮೀಥೇನ್. ಉರಿದರೂ ಸೋರಿದರೂ ಭೂಮಿಯ ತಾಪವನ್ನು ಹೆಚ್ಚಿಸತಕ್ಕದ್ದೇ. ಗ್ಯಾಸಿಲ್ಲದೆ ವಿದ್ಯುತ್ತಿನಿಂದಲೇ ಮನೆಯನ್ನು ಬೆಚ್ಚಗಿಡುವ, ಕಡುಚಳಿಯಲ್ಲಿಯೂ ಕೆಲಸ ಮಾಡುವ ಹೀಟ್ ಪಂಪುಗಳು ಈಗ ಬಂದಿವೆ. ಕಟ್ಟಿಗೆಗೆ ಮರಳೋಣವೆಂದರೆ, ಗಂಟೆಗೆ 2.5 ಗ್ರಾಮಿಗಿಂತ ಹೆಚ್ಚು ಸೂಕ್ಷ್ಮ ಮಸಿಯನ್ನು ಕಾರುವ ಕಟ್ಟಿಗೆಯೊಲೆಗಳನ್ನು ಮಾಂಟ್ರಿಯಲ್ ನಗರಸಭೆ 2018ರಿಂದ ನಿಷೇಧಿಸಿದೆ. ಆದಕಾರಣ, ಗ್ಯಾಸಿನ ಸಂಪರ್ಕವೇ ಇಲ್ಲದ ಹೊಸ ಮನೆಗೆ ಅಗ್ಗಿಷ್ಟಿಕೆಯೊಂದಕ್ಕಾಗಿಯೇ ಕೊಳವೆ ಎಳೆಸುವುದು ನನ್ನ ಮಟ್ಟಿಗೆ ಸಲ್ಲದು. ಗ್ಯಾಸು ಆಗಲೇ ಇರುವ ಮನೆಯಲ್ಲಿ, ದಿನವೂ ಉರಿಸದೆ, ವಿಪತ್ತಿನ ದಿನಕ್ಕೂ ಅತಿ ಚಳಿಯ ಸಂಜೆಗಳಿಗೂ ಮೀಸಲಿಟ್ಟ ಅಗ್ಗಿಷ್ಟಿಕೆಗೆ ನನ್ನ ಒಪ್ಪಿಗೆಯುಂಟು.

ಕೂರಿಸುವ ಕೆಲಸವನ್ನು ಪರವಾನಗಿಯುಳ್ಳ ಗ್ಯಾಸ್ ಫಿಟ್ಟರಿಗೇ ಒಪ್ಪಿಸಬೇಕು. ಗುರುತಿನವನೊಬ್ಬ ಅರ್ಧ ಬೆಲೆಗೆ ಮಾಡಿಕೊಡುತ್ತಾನೆಂಬ ಮಾತಿಗೆ ಮರುಳಾಗಬಾರದು. ಚಳಿ ಹಿಡಿಯುವ ಮೊದಲೇ, ಸೆಪ್ಟೆಂಬರಿನೊಳಗೆ ಮಾಡಿಸಿದರೆ ಒಳ್ಳೆಯದು: ಮೊದಲ ಸಲ ಹೊತ್ತಿಸಿದಾಗ ಲೋಹದ ಬಣ್ಣ ಕಾದು ಕೆಲವು ಗಂಟೆಗಳ ಕಾಲ ಕಟುವಾದ ವಾಸನೆ ಬಿಡುತ್ತದೆ, ಕಿಟಕಿಗಳನ್ನು ತೆರೆದಿಡಬೇಕಾಗುತ್ತದೆ; ಜನವರಿಯಲ್ಲಿ ಅದು ಸಾಧ್ಯವಿಲ್ಲ. ಮಕ್ಕಳು ಹಿಮದ ನಾಡಿನಲ್ಲಿರುವ ತಂದೆತಾಯಿಗಳು ಮುಂದಿನ ಸಲ ಅವರೊಡನೆ ಮಾತನಾಡುವಾಗ, ಊಟತಿಂಡಿಯ ವಿಚಾರ ಮುಗಿದ ಮೇಲೆ, ಮೂರು ಮಾತುಗಳನ್ನು ತಪ್ಪದೆ ಕೇಳಲಿ: ಮಲಗುವ ಕೋಣೆಯ ಹೊರಗೆ ಅಲಾರಂ ಇದೆಯೆ, ಡಬ್ಬಿಯಲ್ಲಿ ಬ್ಯಾಟರಿ ಹಾಕಿದ್ದೀರಾ, ಹೊರಗೋಡೆಯ ಬಾಯಿಯ ಮುಂದಿನ ಹಿಮವನ್ನು ತೆಗೆದಿದ್ದೀರಾ?