ಟ್ಯಾಂಕಿನ ತುಕ್ಕು ಹಳ್ಳದ ಪಾಲಾಗದಿರಲಿ

ಮಲೆನಾಡಿನ ಹಳೆಯ ಮನೆಗಳ ಅಂಗಳದಂಚಿನ ಶೆಡ್ಡುಗಳಲ್ಲಿ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾರುಗಳು ಇಂದಿಗೂ ಅಲ್ಲಲ್ಲಿ ನಿಂತಿವೆ. ಒಂದು ಕಾಲಕ್ಕೆ ಊರಿನ ಬಾಣಂತಿಯರನ್ನೂ ರೋಗಿಗಳನ್ನೂ ಪೇಟೆಯ ಆಸ್ಪತ್ರೆಗೆ ಮುಟ್ಟಿಸಿದ ಈ ವಾಹನಗಳನ್ನು ಗುಜರಿಗೆ ಹಾಕಲು ಮನಸ್ಸೊಪ್ಪದೆ, ದುರಸ್ತಿಪಡಿಸಿ ಮತ್ತೆ ರಸ್ತೆಗಿಳಿಸುವವರಿದ್ದಾರೆ. ಇದು ಮೆಚ್ಚಬೇಕಾದ ಕೆಲಸವೇ. ಇರುವುದನ್ನು ಎಸೆಯದೆ ಬಾಳಿಸುವುದು ಪರಿಸರ ಚಿಂತನೆಯ ಮೊದಲ ಪಾಠ. ಆದರೆ ಇಂಥ ದುರಸ್ತಿಯ ಆರಂಭದಲ್ಲೇ ತುಕ್ಕು ಹಿಡಿದ ಪೆಟ್ರೋಲ್ ಟ್ಯಾಂಕನ್ನು ತೊಳೆಯಬೇಕಾಗುತ್ತದೆ. ಹಲವೆಡೆ ಅದು ನಡೆಯುವುದು ತೋಟದ ಕಾಲುವೆಯ ಬದಿಯಲ್ಲಿ ಅಥವಾ ವರ್ಕ್‌ಶಾಪಿನ ಚರಂಡಿಯ ಪಕ್ಕದಲ್ಲಿ. ಟ್ಯಾಂಕು ಸ್ವಚ್ಛವಾಗುತ್ತದೆ. ಅದರೊಳಗಿದ್ದುದು ಎಲ್ಲಿಗೆ ಹೋಯಿತೆಂದು ಯಾರೂ ಕೇಳುವುದಿಲ್ಲ.

ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯಲು ಕಾರಣ ತೇವಾಂಶ. ಅರೆಬರೆ ತುಂಬಿದ ಟ್ಯಾಂಕಿನ ಖಾಲಿ ಭಾಗದಲ್ಲಿ ಗಾಳಿಯ ಆವಿ ತಣಿದು ಹನಿಯಾಗುತ್ತದೆ. ನೀರು ಪೆಟ್ರೋಲಿಗಿಂತ ಭಾರವಾದ್ದರಿಂದ ತಳಕ್ಕಿಳಿದು ಅಲ್ಲಿಯೇ ಕೂರುತ್ತದೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯಂಥ ಸೀಮೆಯಲ್ಲಿ ಈ ಕ್ರಿಯೆಗೆ ಬಿಡುವೇ ಇಲ್ಲ. ಈಗ ಇದಕ್ಕೆ ಎಥೆನಾಲ್ ಕೂಡಿಕೊಂಡಿದೆ. 2025ರಲ್ಲಿ ದೇಶವು ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ಮುಟ್ಟಿತು. ಎಥೆನಾಲ್ ನೀರನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಹೀರಿದ ನೀರು ಮಿತಿ ಮೀರಿದಾಗ ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ. ತಿಂಗಳುಗಟ್ಟಲೆ ನಿಂತೇ ಇರುವ ಹಳೆಯ ಕಾರಿಗೆ ಇದರ ಬಾಧೆ ಹೆಚ್ಚು.

ಈ ಟ್ಯಾಂಕಿನೊಳಗಿನ ಕೆಸರು ಬರಿಯ ಕಬ್ಬಿಣದ ತುಕ್ಕಲ್ಲ. ಭಾರತದಲ್ಲಿ ಸೀಸ ಬೆರೆತ ಪೆಟ್ರೋಲಿನ ಮಾರಾಟ ನಿಂತದ್ದು 2000ನೇ ಇಸವಿಯಲ್ಲಿ. ಅದಕ್ಕೂ ಮುಂಚೆ ದಶಕಗಳ ಕಾಲ ಓಡಿದ ಕಾರಿನ ಟ್ಯಾಂಕಿನ ತಳದಲ್ಲಿ ಆ ಸೀಸದ ಶೇಷ ಉಳಿದಿರಬಹುದು. ಅಲ್ಲದೆ ಹಳೆಯ ಕಾಲದ ಹಲವು ಟ್ಯಾಂಕುಗಳ ಉಕ್ಕಿನ ತಗಡಿಗೆ ಸೀಸ ಮತ್ತು ತವರದ ಮಿಶ್ರಲೋಹದ ಲೇಪವಿರುತ್ತಿತ್ತು. ಶೌಚಾಲಯ ತೊಳೆಯುವ ಆಸಿಡ್ಡನ್ನು ಸುರಿದು ತುಕ್ಕು ತೆಗೆಯುವವರು ಆ ಲೇಪವನ್ನೂ ಕರಗಿಸಿ ಹೊರಚೆಲ್ಲುತ್ತಾರೆ. ಕುಡಿಯುವ ನೀರಿನಲ್ಲಿ ಸೀಸದ ಪ್ರಮಾಣ ಲೀಟರಿಗೆ 0.01 ಮಿಲಿಗ್ರಾಂ ಮೀರಕೂಡದೆಂದು ಭಾರತೀಯ ಮಾನಕ ಬ್ಯೂರೋದ ನಿಯಮ ಹೇಳುತ್ತದೆ. ಲೆಕ್ಕ ಸರಳ: ಕರಗಿದ ಒಂದೇ ಒಂದು ಗ್ರಾಂ ಸೀಸ 1 ಲಕ್ಷ ಲೀಟರ್ ನೀರನ್ನು ಆ ಮಿತಿಯ ಅಂಚಿಗೆ ತಂದು ನಿಲ್ಲಿಸಬಲ್ಲುದು.

ಮಲೆನಾಡಿನ ಮಣ್ಣು ಸ್ವಭಾವತಃ ಆಮ್ಲೀಯ. ಆಮ್ಲೀಯ ಮಣ್ಣಿನಲ್ಲಿ ಭಾರಲೋಹಗಳು ಹೆಚ್ಚು ಕರಗುತ್ತವೆ, ಹೆಚ್ಚು ಚಲಿಸುತ್ತವೆ. ಜಂಬಿಟ್ಟಿಗೆಯ ನೆಲ ತೂತುತೂತಾಗಿರುವುದರಿಂದ ಮೇಲೆ ಚೆಲ್ಲಿದ್ದು ಬಾವಿಗಿಳಿಯಲು ಬಹುಕಾಲ ಬೇಕಿಲ್ಲ. ಪೆಟ್ರೋಲಿನಲ್ಲಿರುವ ಬೆಂಜೀನ್ ಕ್ಯಾನ್ಸರ್‌ಕಾರಕ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಒಡೆಯಬಲ್ಲವಾದರೂ ಜೊತೆಗೆ ಎಥೆನಾಲ್ ಇದ್ದರೆ ಮೊದಲು ಅದನ್ನೇ ತಿಂದು ಆಮ್ಲಜನಕವನ್ನು ಮುಗಿಸುತ್ತವೆ. ಆಗ ಬೆಂಜೀನ್ ಒಡೆಯದೆ ಅಂತರ್ಜಲದಲ್ಲಿ ಮತ್ತಷ್ಟು ದೂರ ಸಾಗುತ್ತದೆ.

ಹಾಗಾದರೆ ಮಾಡಬೇಕಾದ ಬಗೆ ಯಾವುದು? ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ, ಬಯಲಿನಲ್ಲಿ, ಬೆಂಕಿಯ ಸುಳಿವಿಲ್ಲದ ಕಡೆ ಪೆಟ್ರೋಲನ್ನು ಲೋಹದ ಕ್ಯಾನಿಗೆ ಇಳಿಸಬೇಕು. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ, ಏಕೆಂದರೆ ಸಿಡಿಯುವುದು ಆವಿ. ಹೀಗಾಗಿ ಅದರ ಹತ್ತಿರ ವೆಲ್ಡಿಂಗ್ ಸಲ್ಲದು. ಅನಂತರ ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿನಿಂದ ಪದೇ ಪದೇ ತೊಳೆದು, ನಟ್ಟುಗಳನ್ನೋ ಸರಪಳಿಯ ತುಂಡನ್ನೋ ಒಳಗೆ ಹಾಕಿ ಕುಲುಕಿದರೆ ಸಡಿಲ ತುಕ್ಕು ಉದುರುತ್ತದೆ. ಗಟ್ಟಿ ತುಕ್ಕಿಗೆ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲದ ದ್ರಾವಣ ಸಾಕು. ಹುಣಿಸೆಹುಳಿಯಿಂದ ಹಿತ್ತಾಳೆ ಬೆಳಗುವ ಮನೆಗಳಿಗೆ ಈ ತತ್ತ್ವ ಹೊಸದಲ್ಲ. ಇದು ನಿಧಾನ, ಆದರೆ ಉಗ್ರ ಆಮ್ಲದಂತೆ ತಗಡನ್ನು ತಿನ್ನುವುದಿಲ್ಲ. ಕೊನೆಗೆ ಅಡುಗೆ ಸೋಡಾದ ನೀರಿನಲ್ಲಿ ತೊಳೆದು ತಕ್ಷಣ ಒಣಗಿಸದಿದ್ದರೆ ಗಂಟೆಗಳೊಳಗೆ ಹೊಸ ತುಕ್ಕು ಕಾಣಿಸಿಕೊಳ್ಳುತ್ತದೆ.

ಒಳಗೆ ಸೀಲರ್ ಬಳಿಯುವುದು ಎಲ್ಲ ಟ್ಯಾಂಕಿಗೂ ಬೇಕಿಲ್ಲ. ತಗಡು ಗಟ್ಟಿಯಾಗಿದ್ದರೆ ಸ್ವಚ್ಛತೆಯೊಂದೇ ಸಾಕು. ತೂತು ತೂತಾಗಿದ್ದರೆ ಟ್ಯಾಂಕು ಬದಲಿಸುವುದೇ ಲೇಸು. ಸೂಜಿಮೊನೆಯಷ್ಟು ಸೋರಿಕೆಯಿದ್ದಾಗ ಎಥೆನಾಲ್ ತಾಳುವ ಎಪಾಕ್ಸಿ ಲೇಪ ಸೂಕ್ತ. ಎಥೆನಾಲ್ ತಾಳದ ಹಳೆಯ ಬಗೆಯ ಲೇಪಗಳು ಹಾಳೆಹಾಳೆಯಾಗಿ ಎದ್ದು ಪೆಟ್ರೋಲ್ ಕೊಳವೆಯನ್ನು ಕಟ್ಟುತ್ತವೆ. ತೇವವಿದ್ದರೆ ಯಾವ ಲೇಪವೂ ಹಿಡಿಯದು. ಆದ್ದರಿಂದ ಇದು ಬೇಸಿಗೆಯಲ್ಲಿ ಮುಗಿಸಬೇಕಾದ ಕೆಲಸವೇ ಹೊರತು ಆಷಾಢದ ಬಿಡುವಿನದ್ದಲ್ಲ.

ಉಳಿಯುವುದು ತೊಳೆದ ನೀರಿನ ಪ್ರಶ್ನೆ. ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಲದಿದ್ದರೆ ಅದ್ದಿದ ಕತ್ತಿಯ ಅಲಗು ಕೆಂಪಾಗುತ್ತದೆಂದು ಅಡಿಕೆ ಬೆಳೆಗಾರನಿಗೆ ಯಾರೂ ಹೇಳಿಕೊಡಬೇಕಿಲ್ಲ. ಹುಳಿಯನ್ನು ಸುಣ್ಣದಿಂದ ತಣಿಸುವ ಆ ಎಚ್ಚರವೇ ಇಲ್ಲಿಯೂ ಬೇಕು. ಆದರೆ ತಣಿಸಿದ ಮಾತ್ರಕ್ಕೆ ಸೀಸ ಮಾಯವಾಗುವುದಿಲ್ಲ. ಆದ್ದರಿಂದ ಮೊದಲ ತೊಳೆತದ ಎಣ್ಣೆಗೆಸರು, ಹಳೆಯ ಪೆಟ್ರೋಲ್, ಆಮ್ಲದ ನೀರು ಇವೆಲ್ಲವನ್ನೂ ಬೇರೆ ಬೇರೆ ಕ್ಯಾನುಗಳಲ್ಲಿ ಮುಚ್ಚಿಡಬೇಕು.

ಮುಚ್ಚಿಟ್ಟದ್ದನ್ನು ಒಪ್ಪಿಸುವುದು ಯಾರಿಗೆ? ಪೆಟ್ರೋಲಿಯಂ ಸಂಗ್ರಹ ತೊಟ್ಟಿಗಳನ್ನು ತೊಳೆದಾಗ ಬರುವ ಎಣ್ಣೆಗೆಸರನ್ನು 2016ರ ನಿಯಮಾವಳಿ ಅಪಾಯಕಾರಿ ತ್ಯಾಜ್ಯವೆಂದು ಗುರುತಿಸಿದೆ. ಅಂಥದೇ ಕೆಸರು ಶೆಡ್ಡಿನಲ್ಲಿ ಹುಟ್ಟಿದಾಗ ಅದನ್ನು ಕೊಡಲು ಹಳ್ಳಿಯವನಿಗೆ ಹತ್ತಿರದಲ್ಲಿ ಜಾಗವಿಲ್ಲ. ಮೆಕ್ಯಾನಿಕ್ಕನನ್ನು ದೂರಿ ಫಲವಿಲ್ಲ. ಅವನ ಮುಂದಿರುವ ಏಕೈಕ ದಾರಿ ಚರಂಡಿ. ವರ್ಷಕ್ಕೆ ಎರಡು ದಿನವಾದರೂ ತಾಲ್ಲೂಕು ಕೇಂದ್ರದಲ್ಲಿ ಇಂಥ ತ್ಯಾಜ್ಯವನ್ನು ಸ್ವೀಕರಿಸಿ, ಅಧಿಕೃತ ವಿಲೇವಾರಿ ಘಟಕಕ್ಕೆ ಕಳುಹಿಸುವ ಹೊಣೆಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯೂ ಸ್ಥಳೀಯ ಸಂಸ್ಥೆಗಳೂ ಹೊರಬೇಕು. ಗ್ರಾಮಸಭೆಗಳು ಈ ಬೇಡಿಕೆಯನ್ನು ಠರಾವಾಗಿ ಬರೆಸಬೇಕು.

ತುಂಗೆ, ಭದ್ರೆ, ಶರಾವತಿಯರಿಗೆ ನೀರೂಡುವುದು ಮನೆಮನೆಯ ಹಿಂದಿನ ಈ ಸಣ್ಣ ಹಳ್ಳಗಳೇ. ಅಜ್ಜನ ಕಾರು ಮತ್ತೆ ಓಡಲಿ. ಅದನ್ನು ಓಡಿಸುವ ಮೊಮ್ಮಗ ಕುಡಿಯುವ ಬಾವಿಯ ನೀರೂ ಉಳಿಯಲಿ.